ಮೋರಿಯಿಂದ ಅರಳಿಮರದವರೆಗೆ

ಶವಪೆಟ್ಟಿಗೆ ಹೊಸಿಲು ದಾಟಿ ಅಂಗಳಕ್ಕೆ ಇಳಿದಿತ್ತು, ಡೋಲಿನವರು ಬಡಿಯಲು ಶುರುಮಾಡಿದ್ದರು. ಎಲ್ಲರಿಗಿಂತ ಮುಂದೆ ಹೋಗಬೇಕಾಗಿದ್ದ ಬಿಳಿ ಮೋರಿಸ್ ಮೈನರ್ ಕಾರು ಗೇಟಿನ ಹತ್ತಿರ ಒಂದು ಸಲ ಬ್ರೇಕು ಒತ್ತಿಸಿಕೊಂಡದ್ದೇ ನೆಪ, ಅಲ್ಲೇ ಕಚ್ಚಿಕೊಂಡು ನಿಂತಿತು.

ಸ್ಟಿಯರಿಂಗ್ ಹಿಡಿದಿದ್ದ ಅಳಿಯ ಪ್ರಸನ್ನ ಇನ್ನಷ್ಟು ಆಕ್ಸಿಲರೇಟರ್ ಒತ್ತಿದ. ಕಾರು ತಿಣುಕುತ್ತ, ಎಡಕ್ಕೆ ಎಳೆಯುತ್ತ ರಸ್ತೆಗೆ ಬಂತು. ಹಲಸಿನ ಮರದ ಹತ್ತಿರ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಹ್ಯಾಂಡ್ ಬ್ರೇಕ್ ಬಿಟ್ಟಿದೀಯೇನಪ್ಪಾ?" ಹಿಂದಿನಿಂದ ಯಾರೋ ಕೂಗಿದರು.

"ಬಿಟ್ಟಿದೀನಿ! ನಂಗೂ ಕಣ್ಣು ಕಾಣುತ್ತೆ!"

ಪೆಟ್ಟಿಗೆ ಹೊತ್ತವರು ಕಾರಿನ ಹಿಂಭಾಗಕ್ಕೆ ಇನ್ನೇನು ತಾಗಬೇಕು, ಅಷ್ಟರಲ್ಲಿ ನಿಂತರು. ಹಿಂದಕ್ಕೆ ಹೋಗುವ ಮಾತೇ ಇಲ್ಲ. ಈ ಹಪುದೆನಿಯ ಊರಿನಲ್ಲಿ ಹೊಸಿಲು ದಾಟಿದ ಪೆಟ್ಟಿಗೆ ಮತ್ತೆ ಮನೆಯೊಳಗೆ ಕಾಲಿಡುವಂತಿಲ್ಲ. ಮರಣ ಸಹಾಯ ಸಂಘದ ಅಧ್ಯಕ್ಷ ಗುಣಪಾಲ ಚಹಾ ಕೊಡುವ ಚಪ್ಪರದಿಂದ ಎರಡು ಬೆಂಚು ತರಿಸಿ ಹಲಸಿನ ನೆರಳಲ್ಲಿ ಹಾಕಿಸಿದ. ಪೆಟ್ಟಿಗೆಯೊಳಗಿದ್ದ ಬಾಡಿಗೆ ಕಾರಿನ ಮುತುಬಂಡಾ ಹೀಗೆ ಕೆಟ್ಟು ನಿಂತ ತನ್ನ ಕಾರಿನ ಪಕ್ಕದಲ್ಲಿ, ರಸ್ತೆಬದಿಯಲ್ಲಿ ಮಲಗಿದ. ಬದುಕಿದ್ದಾಗಲೂ ಇಂಥ ಎಷ್ಟೋ ಮಧ್ಯಾಹ್ನಗಳನ್ನು ಅವನು ರಸ್ತೆಬದಿಯಲ್ಲಿ, ಕಾರಿನಡಿಯಲ್ಲಿ ಅಂಗಾತ ಮಲಗಿ ಕಳೆದವನೇ. ಆದ್ದರಿಂದ ನೋಡುವವರಿಗೂ ಅದೇನು ಅಷ್ಟು ವಿಚಿತ್ರವಾಗಿ ಕಾಣಲಿಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ಬಿಳಿ ಸೀರೆ ಉಟ್ಟು ಮಗಳು ಇರಂಗನಿಯ ಜೊತೆ ಕೂತಿದ್ದವಳು ಮುತುಬಂಡಾನ ಹೆಂಡತಿ ಸುದು ಮೆನಿಕೆ. ಪ್ರಸನ್ನ ಇಳಿದು ಬಂದು ಅವಳ ಬಾಗಿಲು ತೆಗೆದ.

"ಅತ್ತೆ, ಇಳೀರಿ. ಶವದ ವ್ಯಾನಿನವರು ಇಲ್ಲೇ ನಿಂತಿದಾರೆ. ಮಾವನ್ನ ಅದ್ರಲ್ಲಿ ತಗೊಂಡು ಹೋಗೋಣ. ಕಾರು ಇಲ್ಲೇ ಇರ್ಲಿ."

"ಆಗಲ್ಲ."

"ಆಗಲ್ಲ ಅಂದ್ರೆ ಹೇಗೆ ಅತ್ತೆ? ಭಿಕ್ಷುಗಳು ಆಗ್ಲೇ ಸ್ಮಶಾನಕ್ಕೆ ಹೋಗಿ ಕೂತಿದಾರೆ. ಮೋಡ ನೋಡಿ ಹೇಗೆ ಕಟ್ಕೊಂಡ್ ಬರ್ತಿದೆ!"

"ಅವರಿಗೆ ಮಾತು ಕೊಟ್ಟಿದೀನಪ್ಪ," ಎಂದಳು ಸುದು ಮೆನಿಕೆ. ಅಳು ಬಂದಿರಲಿಲ್ಲ, ಸಿಟ್ಟೂ ಇರಲಿಲ್ಲ. "'ಈ ಊರಿನ ಹೆಣ್ಮಕ್ಕಳನ್ನೆಲ್ಲ ಅದ್ರಲ್ಲೇ ಗಂಡನ ಮನೆಗೆ ಬಿಟ್ಟಿದೀನಿ. ನಾನು ಹೋಗೋ ದಿನ ಅದು ಶೆಡ್ಡಲ್ಲಿ ನಿಂತು ನೋಡ್ಬಾರ್ದು ಮೆನಿಕೆ, ಮುಂದೆ ಹೋಗ್ಬೇಕು' ಅಂದ್ರು. ಹೂಂ ಅಂದೆ. ಈಗ ಉಹೂಂ ಅನ್ನಕ್ಕೆ ಅವರೆಲ್ಲಿ ಕೇಳಿಸ್ಕೋತಾರೆ?"

ಪ್ರಸನ್ನ ಕೆಟ್ಟವನಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ಎಲ್ಲವನ್ನೂ ಅವನೇ ಹೊತ್ತುಕೊಂಡು ಓಡಾಡಿದ್ದ. ಆಕಾಶ ನೋಡಿದ, ಅತ್ತೆಯ ಮುಖ ನೋಡಿದ. "ಅರ್ಧ ಗಂಟೆ. ಅಷ್ಟರಲ್ಲಿ ಸರಿಹೋದ್ರೆ ಸರಿ. ಇಲ್ದಿದ್ರೆ ವ್ಯಾನು," ಎಂದ.

ಸುದು ಮೆನಿಕೆ ತಲೆಯಾಡಿಸಿ ಕೆಳಗಿಳಿದಳು.

ಆಗ ಚಪ್ಪರದ ಕಡೆಯಿಂದ ಲುಂಗಿಯಂಥ ಸರಂಗನ್ನು ಮೊಣಕಾಲಿಗೆ ಎತ್ತಿಕಟ್ಟಿಕೊಂಡು, ಬಾಯಲ್ಲಿದ್ದ ಎಲೆಯಡಿಕೆ ಉಗಿದು ಆಲ್ವಿಸ್ ಬಂದ. ಕಡಲಂಚಿನ ಗಾಲೆ ಕಡೆಯವನು, ಹೊಟ್ಟೆಪಾಡಿಗೆ ಈ ಬೆಟ್ಟದ ಊರಿಗೆ ಬಂದು ಇಲ್ಲಿಯವನೇ ಆದವನು. ಅವನದೂ ಮೋರಿಸ್ ಮೈನರ್, ಅವನದೂ ಬಾಡಿಗೆ. ಊರಿನ ಸ್ಟ್ಯಾಂಡಿನಲ್ಲಿ ಅವನೂ ಮುತುಬಂಡಾನೂ ಕಾರುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿಕೊಂಡು, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಲೇ ಮುದುಕರಾದರು. ಒಂದು ದಿನ ಒಬ್ಬ ಬರದಿದ್ದರೆ ಇನ್ನೊಬ್ಬನಿಗೆ ಚಹಾ ರುಚಿಸುತ್ತಿರಲಿಲ್ಲ.

"ಸರೀರಪ್ಪ, ಸರೀರಿ," ಎಂದ ಆಲ್ವಿಸ್. "ನೋಡೋದೇನಿದೆ ಇದ್ರಲ್ಲಿ? ಬಂಡಾನ ಬ್ರೇಕು ಯಾವತ್ತು ಹಿಡ್ಕೊಂಡಿರ್ಲಿಲ್ಲ ಹೇಳಿ? ಬ್ರೇಕ್ ಶೂನ ಬಿಗಿಯಾಗಿ ಕೂರಿಸೋದು ಅವನ ಹುಟ್ಟುಗುಣ. ಮದುಮಗಳನ್ನ ನಡೆಸ್ಕೊಂಡು ಬಂದ ಡ್ರೈವರ್ ಇಡೀ ಲಂಕೇಲಿ ಇವನೊಬ್ಬನೇ."

ಕಾರಿನ ಬಾಗಿಲ ಬಳಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಇರಂಗನಿಯೂ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಆ ಕತೆ ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ.

*

ಅದು ಮುತುಬಂಡಾ, ಸುದು ಮೆನಿಕೆಯರ ಮದುವೆಯ ದಿನವೇ ನಡೆದದ್ದು. ಆಗಷ್ಟೇ ಈ ಹಳೆ ಕಾರು ಕೊಂಡಿದ್ದ ಮುತುಬಂಡಾ ಅದರ ಸ್ಟಿಯರಿಂಗನ್ನು ಬೇರೆ ಯಾರಿಗೂ ಕೊಡಲು ಒಪ್ಪಲಿಲ್ಲ. ತಾನೇ ಮದುಮಗ, ತಾನೇ ಡ್ರೈವರು. ಮದುಮಗಳು ಪಕ್ಕದ ಸೀಟಿನಲ್ಲಿ, ಅವಳ ಇಬ್ಬರು ಸೋದರತ್ತೆಯರು ಹಿಂದೆ. ಬಾನೆಟ್ಟಿಗೆ ತೆಂಗಿನ ಎಳೆಗರಿಯ ಹೆಣಿಗೆ.

ಹೆಣ್ಣು ಹೊರಡುವುದಕ್ಕೆ ಒಂದು ಗಳಿಗೆ, ಗಂಡನ ಮನೆ ಹೊಗುವುದಕ್ಕೆ ಇನ್ನೊಂದು. ಜೋಯಿಸರು ಗಡಿಯಾರ ಹಿಡಿದು ನಿಂತಿದ್ದರು. "ಬಂತು, ಬಂತು, ಹೊರಡ್ಸಪ್ಪಾ!" ಎಂದು ಮೂವತ್ತು ಜನ ಒಟ್ಟಿಗೆ ಕೂಗಿದರು. ಮುತುಬಂಡಾ ಹೊರಡಿಸಿದ.

ಸಂಜೆ ಹೊತ್ತಿಗೆ ಹಪುದೆನಿಯದ ಏರು ಹತ್ತುವಾಗ ಕಾರಿನ ಹಿಂದಿನ ಎರಡು ಚಕ್ರಗಳಿಂದಲೂ ಹೊಗೆ ಬಂತು. ಅರಳಿಮರ ದಾಟಿ, ಪಿಯಸೇನನ ಚಹಾದಂಗಡಿ ದಾಟಿ, ಮೋರಿಯ ಹತ್ತಿರ ಬರುವಷ್ಟರಲ್ಲಿ ಕಾರು ನಿಂತೇಹೋಯಿತು. ನೆಂಟರನ್ನು ತುಂಬಿಕೊಂಡು ಹಿಂದೆ ಬಂದ ಆಲ್ವಿಸ್ ತಲೆ ಹೊರಹಾಕಿ, "ಹೆಣ್ಣನ್ನ ನನ್ನ ಕಾರಿಗೆ ಕೂರ್ಸೋ. ಗಳಿಗೆ ತಪ್ಪುತ್ತೆ," ಎಂದ. ಮುತುಬಂಡಾನ ಮುಖ ಕೆಂಪಾಯಿತು. "ಬೇಡ. ನಡೀತೀವಿ," ಎಂದುಬಿಟ್ಟ.

ನಡೆದರು. ಒಡವೆ, ಹೂವು, ಎಳೆಯಲಾರದಷ್ಟು ಭಾರದ ಸೀರೆ, ಕಾಲಲ್ಲಿ ಹೊಸ ಚಪ್ಪಲಿ. ಚಪ್ಪಲಿ ಕಚ್ಚಿದಾಗ ಅದನ್ನು ಬಿಚ್ಚಿ ಮುತುಬಂಡಾನೇ ಕೈಯಲ್ಲಿ ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ಅವಳ ಕೈ. ಮನೆ ಮುಟ್ಟಿದಾಗ ಗಳಿಗೆ ಕಳೆದುಹೋಗಿತ್ತು. ಮುತುಬಂಡಾನ ತಾಯಿ ದೀಪದ ಮುಂದೆ ಕೂತು, "ಇನ್ನು ಈ ಮನೇಲಿ ಸುಖ ಅನ್ನೋದಿಲ್ಲ," ಎಂದು ಅತ್ತಳು. ಪಾಪ, ಆಮೇಲೆ ಮುದುಕಿ ಹತ್ತಾರು ವರ್ಷ ಅದೇ ಮನೆಯಲ್ಲಿ ಸೊಸೆ ಮಾಡಿದ ಹಾಲನ್ನ ಉಂಡು, ಮೊಮ್ಮಗಳನ್ನು ಆಡಿಸಿ, ತನ್ನ ಮಾತನ್ನು ತಾನೇ ಮರೆತು ಹೋದಳು.

*

ಆಲ್ವಿಸ್ ನಾಲ್ಕೂ ಚಕ್ರಗಳ ನಡುವಿಗೆ ಕೈ ಮುಟ್ಟಿಸಿ ನೋಡಿದ. ಮೂರು ತಣ್ಣಗಿದ್ದವು. ಮುಂದಿನ ಎಡಗಡೆಯದು ಕಾದ ಹಂಚಿನಂತಿತ್ತು. ಜಾಕ್ ಕೊಟ್ಟು ಎತ್ತಿಸಿದ, ಎರಡು ಕೈಯಲ್ಲಿ ತಿರುಗಿಸಿದ. ಚಕ್ರ ಅಲುಗಲಿಲ್ಲ.

"ಹೇಳ್ಲಿಲ್ವಾ? ಶೂ," ಎಂದು ಡ್ರಮ್ಮಿನ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ಶೂಗಳನ್ನು ಬಿಗಿ ಮಾಡುವ ಸ್ಕ್ರೂವನ್ನು ಒಂದು ಹಲ್ಲು ಸಡಿಲಿಸಿದ. ಮತ್ತೆ ತಿರುಗಿಸಿದ. ಇಲ್ಲ. ಇನ್ನೊಂದು ಹಲ್ಲು ಸಡಿಲಿಸಿದ. ಉಹೂಂ. ಅಲ್ಲಿಗೇ ಬಿಡದೆ ಉಳಿದ ಮೂರು ಚಕ್ರಗಳನ್ನೂ ಒಂದೊಂದು ಹಲ್ಲು ಸಡಿಲಿಸಿದ.

"ಇವನ್ಯಾಕೆ ಮಾಮ? ಇವು ತಿರುಗ್ತಾನೇ ಇವೆ," ಎಂದ ಪ್ರಸನ್ನ.

"ಬಂಡಾ ಬಿಗಿ ಮಾಡಿದ್ದು ಅಂದ್ಮೇಲೆ ಸಡಿಲ ಮಾಡೋದೇ. ಎಷ್ಟು ವರ್ಷದ ಆಸೆ ನಂದು!"

"ಮಳೆಗಾಲವೆಲ್ಲ ಶೆಡ್ಡಲ್ಲೇ ನಿಂತಿತ್ತಲ್ಲ, ತುಕ್ಕಿಗೆ ಕಚ್ಕೊಂಡಿರುತ್ತೆ. ಸುತ್ತಿಗೇಲಿ ನಾಲ್ಕು ಬಿಡಿ ಡ್ರಮ್ಮಿಗೆ," ಎಂದ ಗುಣಪಾಲ.

"ನಿನ್ನ ತಲೆಗೆ ಬಿಡ್ತೀನಿ. ತುಕ್ಕಾದ್ರೆ ಶೆಡ್ಡಿಂದ ಹೇಗೆ ಹೊರಗೆ ಬಂತು? ಬ್ರೇಕ್ ಒತ್ತಿದ ಮೇಲೆ ತಾನೇ ಹಿಡ್ಕೊಂಡಿದ್ದು?"

ಇಷ್ಟು ಹೇಳಿ ಆಲ್ವಿಸ್ ಚಕ್ರವನ್ನು ಮತ್ತೊಮ್ಮೆ ಎಳೆದು ನೋಡಿದ. ಹೇಳುವುದಕ್ಕೆ ಹೇಳಿಬಿಟ್ಟಿದ್ದ, ಮುಂದಿನದು ಹೊಳೆಯಲಿಲ್ಲ. ಅಷ್ಟು ಹೊತ್ತೂ ಪೆಟ್ಟಿಗೆಯ ತಲೆಯ ಹತ್ತಿರ ನಿಂತು ನೋಡುತ್ತಿದ್ದ ಸುದು ಮೆನಿಕೆ ಅಲ್ಲಿಂದಲೇ ಹೇಳಿದಳು.

"ಆಲ್ವಿಸಣ್ಣ, ಆಯಿಲ್ ಹೊರಗೆ ಬಿಡೋ ನಿಪ್ಪಲ್ ಸ್ವಲ್ಪ ಬಿಚ್ಚಿ ನೋಡಿ. ಇವರು ಮೊದಲು ಅದನ್ನೇ ಮಾಡೋರು."

ಆಲ್ವಿಸ್ ಅವಳನ್ನು ಒಮ್ಮೆ ನೋಡಿದ. ಆಮೇಲೆ ಚಕ್ರದ ಹಿಂದೆ ಕೈ ತೂರಿಸಿ ಸ್ಪ್ಯಾನರಿನಿಂದ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದ. ಪಿಚಕ್ಕೆಂದು ಬ್ರೇಕ್ ಆಯಿಲ್ ಅವನ ಅಂಗಿಗೆ ಹಾರಿತು. ಚಕ್ರವನ್ನು ಮುಟ್ಟಿದ. ಅದು ಸಲೀಸಾಗಿ ತಿರುಗಿತು.

"ಓಹೋ," ಎಂದ. ನಿಪ್ಪಲ್ ಬಿಗಿದು ಪ್ರಸನ್ನನ ಕೈಲಿ ಪೆಡಲ್ ಒತ್ತಿಸಿ ಬಿಡಿಸಿದ. ಚಕ್ರ ಮತ್ತೆ ಕಚ್ಚಿಕೊಂಡಿತು. "ಆಯಿಲ್ ಹೋಗ್ತಿದೆ, ವಾಪಸ್ ಬರ್ತಿಲ್ಲ. ನಾಲ್ಕರಲ್ಲಿ ಇದೊಂದೇ ಹಿಡ್ಕೊಂಡಿದೆ ಅಂದ್ರೆ ಇದಕ್ಕೆ ಬರೋ ರಬ್ಬರ್ ಪೈಪೇ. ನೋಡಿ, ಹೊರಗಡೆ ಎಷ್ಟು ಚೆನ್ನಾಗಿದೆ. ಒಳಗೆ ಊದ್ಕೊಂಡು ಗಂಟಲು ಕಟ್ಟಿದೆ."

"ಹೊಸದು ಎಲ್ಲಿ ಸಿಗುತ್ತೆ?" ಎಂದಳು ಇರಂಗನಿ.

"ಕೆಗಾಲೆ ಪೇಟೇಲಿ. ಆದ್ರೆ ಭಾನುವಾರ ಮಗಳೇ, ಬಾಗಿಲು ಹಾಕಿರ್ತಾರೆ."

ಡೋಲಿನವರು ಬೀಡಿ ಹಚ್ಚಿದ್ದರು. ಪ್ರಸನ್ನ ಶವದ ವ್ಯಾನಿನ ಡ್ರೈವರಿನ ಕಡೆ ನೋಡಿದ. ಸುದು ಮೆನಿಕೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು.

ಆಲ್ವಿಸ್ ಎದ್ದ. ಯಾರಿಗೂ ಏನೂ ಹೇಳದೆ ಜಾಕನ್ನು ಹೊತ್ತುಕೊಂಡು ಬೇಲಿಯ ಆಚೆ ನಿಲ್ಲಿಸಿದ್ದ ತನ್ನ ಕಾರಿನ ಹತ್ತಿರ ಹೋದ. ಅದರ ಮುಂದಿನ ಎಡಗಡೆಗೆ ಜಾಕ್ ಕೊಟ್ಟು, ಚಕ್ರ ಬಿಚ್ಚಿ ಹುಲ್ಲಿಗೆ ಉರುಳಿಸಿದ.

"ಮಾಮ, ಏನ್ ಮಾಡ್ತಿದೀರಿ!" ಪ್ರಸನ್ನ ಓಡಿ ಹೋದ. "ನಾಳೆ ಬೆಳಿಗ್ಗೆ ನಿಮಗೆ ಬಾಡಿಗೆ ಇಲ್ವಾ?"

"ಇದೆ. ಸ್ಪ್ಯಾನರ್ ಹಿಡ್ಕೋ."

"ನಾಳೆ ಹೇಗೆ ಹೋಗ್ತೀರಿ?"

"ಬಂಡಾನ ಕಾರ್ ತಗೊಂಡ್ ಹೋಗ್ತೀನಿ. ಅವನೇನು ಬೇಡ ಅಂತಾನಾ?" ಎಂದ ಆಲ್ವಿಸ್, ತಲೆ ಎತ್ತದೆ. ಪೈಪು ಬಿಚ್ಚಿ, ತೆರೆದ ತುದಿಗೆ ಬಟ್ಟೆ ತುರುಕಿ ಕಟ್ಟಿದ. "ಅವತ್ತು ಕಾರಿಗೆ ಹತ್ತೋ ಅಂದೆ, ಹತ್ತಲಿಲ್ಲ ಮುಂಡೇದು. ಇವತ್ತು ನನ್ನ ಕಾರಿನ ಒಂದು ಪೈಪಾದ್ರೂ ತಗೊಂಡು ಹೋಗ್ಲಿ."

ಎಣ್ಣೆ ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ.

*

ಬ್ರೇಕಿನ ಪೈಪು ಬಿಚ್ಚಿದರೆ ಒಳಗೆ ಗಾಳಿ ಸೇರುತ್ತದೆ. ಅದನ್ನು ಹೊರಗೆ ತೆಗೆಯುವುದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲಿನ ಮೇಲೆ, ಇನ್ನೊಬ್ಬರು ಚಕ್ರದಡಿಯಲ್ಲಿ. ಮುತುಬಂಡಾನ ಮನೆಯಲ್ಲಿ ಪೆಡಲಿನ ಕೆಲಸ ಯಾವತ್ತೂ ಸುದು ಮೆನಿಕೆಯದು. ಅಕ್ಕಿ ಆರಿಸುತ್ತಿದ್ದರೂ ಸರಿ, ಮಗುವಿಗೆ ಹಾಲೂಡುತ್ತಿದ್ದರೂ ಸರಿ, ಶೆಡ್ಡಿನಿಂದ "ಮೆನಿಕೇ!" ಎಂಬ ಕೂಗು ಬಂದರೆ ಹೋಗಿ ಸ್ಟಿಯರಿಂಗಿನ ಮುಂದೆ ಕೂರುವಳು.

"ಒತ್ತು."

"ಒತ್ತಿದೆ."

"ಹಿಡ್ಕೋ."

"ಹಿಡಿದೆ."

"ಹಾಂ, ಈಗ ಬಿಡು."

ಒಬ್ಬರ ಮುಖ ಒಬ್ಬರಿಗೆ ಕಾಣದು. ಊರಿನ ಸುದ್ದಿ, ಇರಂಗನಿಯ ಓದು, ತೆಂಗಿನಕಾಯಿಯ ಬೆಲೆ, ಎದುರುಬದುರು ಕೂತರೆ ಆಡಲಾಗದ ಒಂದೆರಡು ಮಾತು, ಎಲ್ಲವೂ ಈ ಒತ್ತು ಬಿಡುಗಳ ನಡುವೆ ನಡೆದುಹೋಗುತ್ತಿದ್ದವು.

ಕೆಲಸ ಮುಗಿದ ಮೇಲೆ ಪರೀಕ್ಷೆ. ಇಬ್ಬರೂ ಕಾರಿನಲ್ಲಿ ಕೂತು ಮೋರಿಯವರೆಗೆ ಹೋಗಿ ಅಲ್ಲಿ ಇಂಜಿನ್ ಆರಿಸುವರು. ಅಲ್ಲಿಂದ ರಸ್ತೆ ಸ್ವಲ್ಪವೇ ಇಳಿಜಾರು. ಎಲ್ಲಿಯೂ ಬ್ರೇಕು ಹಿಡಿಯದಿದ್ದರೆ ಕಾರು ತಾನಾಗಿ ಉರುಳುತ್ತ ಪನ್ಸಲೆ ಎನ್ನುವ ಬೌದ್ಧ ವಿಹಾರದ ಅರಳಿಮರದ ತನಕ ಹೋಗಬೇಕು. ಮುತುಬಂಡಾನ ಕಾರು ಒಂದು ಸಲವೂ ಹೋಗಲಿಲ್ಲ. ಮದುವೆಯ ಹೆಣ್ಣುಗಳು ಕೂರುವ ಕಾರು, ಜಾರುವುದಕ್ಕಿಂತ ಹಿಡಿಯುವುದೇ ಮೇಲು ಎಂದು ಅವನು ಶೂಗಳನ್ನು ಯಾವತ್ತೂ ಒಂದು ಹಲ್ಲು ಬಿಗಿಯಾಗಿಯೇ ಇಡುತ್ತಿದ್ದ. ಕಾರು ಪ್ರತಿಸಲವೂ ಪಿಯಸೇನನ ಚಹಾದಂಗಡಿಯ ಮುಂದೆ ಬಂದು ಉಸಿರು ಬಿಟ್ಟು ನಿಲ್ಲುತ್ತಿತ್ತು.

"ಸಾಕು ಬಿಡು, ಇಷ್ಟು ಬಂತಲ್ಲ," ಎನ್ನುವನು ಮುತುಬಂಡಾ. ಇಳಿದು ಇಬ್ಬರೂ ಬೆಲ್ಲ ಕಚ್ಚಿಕೊಂಡು ಕರಿ ಚಹಾ ಕುಡಿಯುವರು. ಅರಳಿಮರಕ್ಕೆ ಇನ್ನೂ ನೂರು ಹೆಜ್ಜೆ ಇದೆ ಎಂದು ಇಬ್ಬರಲ್ಲಿ ಯಾರಿಗೂ ಬೇಸರವಾದದ್ದಿಲ್ಲ.

*

"ಪೆಡಲ್ ಒತ್ತಕ್ಕೆ ಬನ್ನಿ ಯಾರಾದ್ರೂ," ಎಂದು ಪೈಪು ಕೂರಿಸಿ ಮುಗಿಸಿದ ಆಲ್ವಿಸ್ ಮುತುಬಂಡಾನ ಕಾರಿನ ಚಕ್ರದಡಿಯಿಂದ ಕೂಗಿದ. ಪ್ರಸನ್ನ ಕಾರಿನ ಬಾಗಿಲಿಗೆ ಕೈಹಾಕಿದ್ದ.

"ನೀನು ಬಿಡಪ್ಪ," ಎಂದು ಸುದು ಮೆನಿಕೆ ಅವನನ್ನು ಸರಿಸಿ ಕೂತಳು. ಕಾರು ಉರುಳದಂತೆ ಹ್ಯಾಂಡ್ ಬ್ರೇಕು ಎಳೆದಳು. ಬಿಳಿ ಸೀರೆಯ ನೆರಿಗೆ ಎತ್ತಿಕೊಂಡು ಪೆಡಲಿನ ಮೇಲೆ ಬರಿಗಾಲು ಇಟ್ಟಳು. ಹೆಂಗಸರು ಮುಖಮುಖ ನೋಡಿಕೊಂಡರು, ಯಾರೂ ಬೇಡ ಎನ್ನಲಿಲ್ಲ.

"ಒತ್ತು ತಂಗಿ."

"ಒತ್ತಿದೆ."

"ಹಿಡ್ಕೋ."

"ಹಿಡಿದೆ."

"ಬಿಡು."

ನಿಪ್ಪಲಿನಿಂದ ಕೊಳವೆ ಇಳಿಸಿದ್ದ ಬಾಟಲಿಯೊಳಗೆ ಗುಳುಗುಳು ಎಂದು ಗಾಳಿಗುಳ್ಳೆಗಳು ಎದ್ದವು. ನಾಲ್ಕೈದು ಸಲ ಆದ ಮೇಲೆ ಸುದು ಮೆನಿಕೆ ಸ್ಟಿಯರಿಂಗಿಗೆ ಹೇಳುವವಳಂತೆ ಹೇಳಿದಳು.

"ಆಲ್ವಿಸಣ್ಣ, ಅವತ್ತು ಮದುವೆ ದಿನ ಹೋಗಿದ್ದು ಶೂ ಅಲ್ಲ."

"ಮತ್ತೆ? ಡ್ರಮ್ಮಾ?"

"ಹ್ಯಾಂಡ್ ಬ್ರೇಕ್ ಎಳೆದೇ ಇತ್ತು."

ಚಕ್ರದಡಿಯಲ್ಲಿ ಸ್ಪ್ಯಾನರ್ ಕೆಳಗೆ ಬಿತ್ತು. "ಅಷ್ಟು ದೂರ? ಬಿಡೋದು ಮರೆತಿದ್ನಾ?"

"ಹೊರಡೋವಾಗ ಗಡಿಬಿಡೀಲಿ ಮರೆತ್ರು. ಆದ್ರೆ ಪೇಟೆ ದಾಟೋ ಅಷ್ಟರಲ್ಲಿ ನೆನಪಾಯ್ತಂತೆ. ಲಿವರ್ ಎರಡು ಸೀಟಿನ ಮಧ್ಯೆ, ನನ್ನ ಸೀರೆ ನೆರಿಗೆ ಎಲ್ಲಾ ಅದರ ಮೇಲೆ ಬಿದ್ದಿತ್ತು. ಹಿಂದೆ ನಮ್ಮ ಸೋದರತ್ತೆಯರು ಇಬ್ರೂ ಕಣ್ಣು ಬಿಟ್ಕೊಂಡು ಕೂತಿದ್ರು. ಅಲ್ಲಿಗೆ ಕೈ ಹಾಕಕ್ಕೆ ನಾಚಿಕೆ ಇವರಿಗೆ. ಹಾಗೇ ಓಡಿಸ್ಕೊಂಡು ಬಂದ್ಬಿಟ್ರು."

ಕಾರಿನಡಿಯಿಂದ ಆಲ್ವಿಸನ ನಗು ಎದ್ದಿತು. ಕೆಮ್ಮು ಬರುವ ತನಕ ನಕ್ಕ. ಬಾಗಿಲ ಬಳಿಯ ಹೆಂಗಸರಿಂದ ಚಪ್ಪರದವರಿಗೆ, ಚಪ್ಪರದವರಿಂದ ಡೋಲಿನವರಿಗೆ ಮಾತು ಹಬ್ಬಿತು. ಪೆಟ್ಟಿಗೆ ಹೊರುವ ಹುಡುಗರು ಬೆನ್ನು ತಿರುಗಿಸಿ ಭುಜ ಕುಣಿಸಿದರು.

"ಅಮ್ಮಾ, ನಂಗೂ ಹೇಳಿರ್ಲಿಲ್ಲ ನೀನು!" ಎಂದಳು ಇರಂಗನಿ.

"ಅವರಿರೋವಾಗ ಹೇಗೆ ಹೇಳ್ಲಿ? ನಾಚ್ಕೊಂಡು ಮನೆ ಬಿಟ್ಟು ಹೋಗ್ತಿದ್ರು." ಸುದು ಮೆನಿಕೆಯ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಮುಖದಲ್ಲಿ ನಗು ಇತ್ತು. "ಒತ್ತಲಾ ಆಲ್ವಿಸಣ್ಣ?"

"ಆಯ್ತು ತಂಗಿ. ಗಾಳಿ ಎಲ್ಲಾ ಹೋಯ್ತು."

ಜಾಕ್ ಇಳಿಸಿದರು. ಅರ್ಧ ಗಂಟೆ ಯಾವಾಗಲೋ ದಾಟಿತ್ತು, ಪ್ರಸನ್ನ ವ್ಯಾನಿನ ಸುದ್ದಿ ಎತ್ತಲಿಲ್ಲ. ತಾನೇ ಹೋಗಿ ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟ. ಇರಂಗನಿ ಅವನ ಪಕ್ಕದಲ್ಲಿ ನಡೆಯಲು ನಿಂತಳು.

ಆಲ್ವಿಸ್ ಕೈ ತೊಳೆದು ಬಂದು ಸ್ಟಿಯರಿಂಗಿನ ಮುಂದೆ ಕೂತ. "ತಂಗಿ, ನೀನು ಮುಂದೆ ಬಾ," ಎಂದ. ಸುದು ಮೆನಿಕೆ ಸುತ್ತಿ ಬಂದು ಅವನ ಪಕ್ಕದ ಸೀಟಿನಲ್ಲಿ, ತಾನು ಮದುಮಗಳಾಗಿ ಬಂದ ಅದೇ ಸೀಟಿನಲ್ಲಿ ಕೂತಳು. ಡೋಲು ಶುರುವಾಯಿತು. ಆಲ್ವಿಸ್ ಇಂಜಿನ್ ಹಚ್ಚಿ, ಗೇರು ಹಾಕಿ, ಎಡಗೈಯನ್ನು ಕೆಳಗೆ ಚಾಚಿದವನು ಹಾಗೇ ನಿಲ್ಲಿಸಿದ. ಲಿವರು ಮೇಲೆದ್ದೇ ಇತ್ತು. ಅದರ ಮೇಲೆ ಅವಳ ಬಿಳಿ ಸೀರೆಯ ನೆರಿಗೆ ಬಿದ್ದಿತ್ತು. ಊರನ್ನೆಲ್ಲ ಬಾಯಲ್ಲಿ ಹುರಿದು ಮುಕ್ಕುವ ಆಲ್ವಿಸ್ ಕೈ ಹಿಂದೆ ತೆಗೆದುಕೊಂಡು ಗಾಜಿನಾಚೆ ನೋಡತೊಡಗಿದ.

ಸುದು ಮೆನಿಕೆ ನೆರಿಗೆಯನ್ನು ತನ್ನ ಕಡೆ ಎಳೆದುಕೊಂಡಳು. ಲಿವರನ್ನು ಹಿಡಿದು, ತುದಿಯ ಗುಂಡಿ ಒತ್ತಿ, ಕೆಳಗೆ ಬಿಟ್ಟಳು.

"ನಡೀರಿ," ಎಂದಳು.

ಕಾರು ಹೊರಟಿತು, ಪೆಟ್ಟಿಗೆ ಹಿಂದೆ ಬಂತು. ಬೇಲಿಯ ಆಚೆ ಆಲ್ವಿಸನ ಕಾರು ಒಂದು ಚಕ್ರವಿಲ್ಲದೆ, ಕಲ್ಲಿನ ಆಸರೆಯ ಮೇಲೆ, ಹುಲ್ಲಿನಲ್ಲಿ ನಿಂತಿತ್ತು. ರಸ್ತೆಯ ಎರಡೂ ಬದಿಗೆ ಕಟ್ಟಿದ್ದ ಬಿಳಿ ಬಾವುಟಗಳು ಮಳೆಗಾಳಿಗೆ ಪಟಪಟ ಎನ್ನುತ್ತಿದ್ದವು. ಮಳೆ ಇನ್ನೂ ಬಂದಿರಲಿಲ್ಲ. ಸುಟ್ಟ ವಾಸನೆ ಎಲ್ಲಿಯೂ ಇರಲಿಲ್ಲ.

ಮೋರಿ ಬಂತು.

"ಇಲ್ಲಿ ಇಂಜಿನ್ ಆರ್ಸಿ ಆಲ್ವಿಸಣ್ಣ. ಇವರು ಪರೀಕ್ಷೆ ಮಾಡದೆ ಬಿಡ್ತಿರ್ಲಿಲ್ಲ."

ಆಲ್ವಿಸ್ ಗೇರು ತೆಗೆದು ಕೀಲಿ ತಿರುಗಿಸಿದ. ಸದ್ದು ನಿಂತಿತು. ಹಿಂದೆ ಡೋಲು, ಜನರ ಹೆಜ್ಜೆ. ಕಾರು ಇಳಿಜಾರಿನಲ್ಲಿ ತಾನಾಗಿ ಉರುಳತೊಡಗಿತು, ಪೆಟ್ಟಿಗೆ ಹೊತ್ತವರ ನಡಿಗೆಯಷ್ಟೇ ಮೆಲ್ಲಗೆ. ಪಿಯಸೇನನ ಅಂಗಡಿಗೆ ಬಾಗಿಲು ಹಾಕಿ, ಅಡ್ಡಪಟ್ಟಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಸುದು ಮೆನಿಕೆ ಅಭ್ಯಾಸದಂತೆ ಇಳಿಯಲು ಬಾಗಿಲ ಹಿಡಿಗೆ ಕೈಹಾಕಿದಳು.

ಕಾರು ನಿಲ್ಲಲಿಲ್ಲ. ಅಂಗಡಿಯ ಬೆಂಚು ಪಕ್ಕಕ್ಕೆ ಬಂದು ಹಿಂದಕ್ಕೆ ಹೋಯಿತು. ಆಲ್ವಿಸ್ ಎರಡು ಕಾಲುಗಳನ್ನೂ ಪೆಡಲಿನಿಂದ ದೂರ ಇಟ್ಟುಕೊಂಡು ಕೂತಿದ್ದ. ಅವಳು ಹಿಡಿಯಿಂದ ಕೈ ತೆಗೆದು, ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದ ಪೆಟ್ಟಿಗೆಯ ಕಡೆ ತಿರುಗಿದಳು.

"ನೋಡಿದ್ರಾ," ಎಂದಳು ಮೆಲ್ಲಗೆ.

ಅರಳಿ ಎಲೆಗಳ ನೆರಳು ಬಾನೆಟ್ಟಿನ ಮೇಲೆ ಬಂತು, ಅವಳ ಮಡಿಲ ಮೇಲೆ ಬಂತು, ಹಿಂದಿನ ಗಾಜಿನಿಂದ ಜಾರಿ ಹೋಯಿತು. ಕಾರು ಇನ್ನೂ ಉರುಳುತ್ತಲೇ ಇತ್ತು.